ಅಣುಸ್ಥಾವರಗಳ ಮೊದಲ ಕಾಲದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್‌ಗೆ ಏನು ಕೆಲಸ ಇತ್ತು?

ನೀವು ಕೇಳಿರುವುದು ಇದು: 1950–60ರ ದಶಕದಲ್ಲಿ ಅಣುವಿದ್ಯುತ್ ಕ್ಷೇತ್ರಕ್ಕೆ ಸೇರಿದ ಎಲೆಕ್ಟ್ರಿಕಲ್ ಎಂಜಿನಿಯರ್‌ಗಳು ನಿಜವಾಗಿ ಏನು ಮಾಡುತ್ತಿದ್ದರು? ರಿಯಾಕ್ಟರ್ ಫಿಸಿಕ್ಸ್‌ನವರದು, ಬಾಯ್ಲರ್ ಟರ್ಬೈನ್ ಮೆಕ್ಯಾನಿಕಲ್‌ನವರದು, ಇವರಿಗೆ ಉಳಿದದ್ದು ಜನರೇಟರ್ ಮತ್ತು ವೈರಿಂಗ್ ಅಷ್ಟೇ ಅಲ್ವಾ? ಅಣುವಿಜ್ಞಾನವನ್ನು ಅವರು ಎಲ್ಲಿ ಕಲಿತರು ಅಂತಲೂ ಕೇಳಿದ್ದೀರಿ.

ಜನರೇಟರ್, ಟ್ರಾನ್ಸ್‌ಫಾರ್ಮರ್, ಸ್ವಿಚ್‌ಯಾರ್ಡ್ ಇವೆಲ್ಲ ಅವರಿಗೆ ಸಲೀಸಾದ ಭಾಗ. ಕಲ್ಲಿದ್ದಲು ಸ್ಥಾವರದಲ್ಲಿ ನಾಲ್ಕು ವರ್ಷ ಪಳಗಿದ ಯಾರಾದರೂ ಅದನ್ನು ನಿಭಾಯಿಸುತ್ತಿದ್ದರು. ಅವರ ನಿದ್ದೆಗೆಡಿಸಿದ್ದು ಸ್ಥಾವರದಿಂದ ಹೊರಗೆ ಹೋಗುವ ಕರೆಂಟ್ ಅಲ್ಲ, ರಿಯಾಕ್ಟರ್‌ಗೇ ಬೇಕಾದ ಕರೆಂಟ್. ಅದು ಯಾವಾಗ ಇರಬೇಕು, ಯಾವಾಗ ಹೋಗಬೇಕು, ಹೋದರೆ ಏನಾಗಬೇಕು ಅನ್ನುವ ಲೆಕ್ಕದಲ್ಲೇ ಎಷ್ಟೋ ಜನರ ಸರ್ವೀಸ್ ಮುಗಿದಿದೆ.

ನಾನು ಆ ಮೊದಲ ತಲೆಮಾರಿನವನಲ್ಲ. ಅವರ ಕೈಕೆಳಗೆ ಕೆಲಸ ಕಲಿತು, ಅಣುಸ್ಥಾವರದ ಎಲೆಕ್ಟ್ರಿಕಲ್ ಮತ್ತು ಕಂಟ್ರೋಲ್ ವಿಭಾಗದಲ್ಲೇ ದುಡಿದು ನಿವೃತ್ತನಾದವನು. ಹಾಗಾಗಿ ಸ್ವಲ್ಪ ಪಕ್ಷಪಾತ ಕಂಡರೆ ಸಹಿಸಿಕೊಳ್ಳಿ.

ಈ ಕೆಲಸದಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಬೇಡಿಕೆಗಳಿವೆ. ಮೊದಲನೆಯದು, ಕರೆಂಟ್ ಹೋದರೆ ರಿಯಾಕ್ಟರ್ ತಾನಾಗಿ ನಿಲ್ಲಬೇಕು. ಅದಕ್ಕೆ ಕಂಟ್ರೋಲ್ ರಾಡ್‌ಗಳನ್ನು, ಅಂದರೆ ನ್ಯೂಟ್ರಾನ್ ಹೀರಿ ಕ್ರಿಯೆ ನಿಲ್ಲಿಸುವ ಸರಳುಗಳನ್ನು, ವಿದ್ಯುತ್ಕಾಂತದ ಹಿಡಿತದಲ್ಲಿ ಮೇಲೆ ತೂಗುಹಾಕಿರುತ್ತಾರೆ. ಕಾಯಿಲ್‌ಗೆ ಕರೆಂಟ್ ನಿಂತರೆ ಹಿಡಿತ ಬಿಡುತ್ತದೆ, ರಾಡ್ ಕೆಳಗೆ ಬೀಳುತ್ತದೆ. 1942ರ ಡಿಸೆಂಬರ್ 2ರಂದು ಶಿಕಾಗೋದಲ್ಲಿ ಭೌತವಿಜ್ಞಾನಿ ಎನ್ರಿಕೋ ಫರ್ಮಿಯ ತಂಡ ಮೊಟ್ಟಮೊದಲ ರಿಯಾಕ್ಟರ್ ನಡೆಸಿದಾಗಲೇ ತಾನಾಗಿ ಬೀಳುವ ರಾಡ್ ಇತ್ತು. ಅವತ್ತು ಬೆಳಿಗ್ಗೆ ಅದು ದಢಾರನೆ ಬಿದ್ದೂಬಿಟ್ಟಿತು. ಅಪಾಯವೇನೂ ಆಗಿರಲಿಲ್ಲ, ಟ್ರಿಪ್ (ರಿಯಾಕ್ಟರ್ ತಾನಾಗಿ ನಿಲ್ಲುವುದು) ಆಗುವ ಮಟ್ಟವನ್ನು ತೀರಾ ಕಡಿಮೆ ಇಟ್ಟಿದ್ದರು ಅಷ್ಟೇ. ಫರ್ಮಿ ಊಟಕ್ಕೆ ಹೋಗೋಣ ಎಂದು ಎಲ್ಲರನ್ನೂ ಎಬ್ಬಿಸಿದರಂತೆ. ಅಂದರೆ ಅಣುಯುಗದ ಮೊದಲ ದಿನವೇ ಒಂದು ಸುಳ್ಳು ಟ್ರಿಪ್ ಆಗಿದೆ. ನಮ್ಮ ವಿಭಾಗದವರಿಗೆ ಈ ಕಥೆ ಬಹಳ ಇಷ್ಟ.

ಸುಳ್ಳು ಟ್ರಿಪ್ ಯಾಕೆ ತಲೆನೋವು ಅಂದರೆ, ಸುಮ್ ಸುಮ್ನೆ ನಿಲ್ಲುವ ಸ್ಥಾವರದ ಮೇಲೆ ಆಪರೇಟರ್‌ಗೆ ನಂಬಿಕೆ ಹೋಗುತ್ತದೆ. ಆಮೇಲೆ ಯಾರೋ ಒಬ್ಬರು ಆ ಟ್ರಿಪ್ ಅನ್ನೇ ಬೈಪಾಸ್ ಮಾಡಿ ಇಡುತ್ತಾರೆ. ಹಾಗಂತ ಮಟ್ಟ ಏರಿಸಿದರೆ ನಿಜವಾದ ಅಪಾಯದ ಹೊತ್ತಿಗೆ ಟ್ರಿಪ್ ಬರುವುದಿಲ್ಲ. ಇದಕ್ಕೆ ಅವರು ಕಂಡುಕೊಂಡ ದಾರಿ, ಒಂದೇ ಅಳತೆಗೆ ಮೂರು ಪ್ರತ್ಯೇಕ ಚಾನೆಲ್ ಇಡುವುದು. ಮೂರರಲ್ಲಿ ಎರಡು ಹೌದು ಅಂದರೆ ಮಾತ್ರ ಟ್ರಿಪ್. ಒಂದು ಚಾನೆಲ್ ಕೆಟ್ಟು ಕೂಗಿಕೊಂಡರೆ ಸ್ಥಾವರ ನಿಲ್ಲುವುದಿಲ್ಲ, ಒಂದು ಕೆಟ್ಟು ಸುಮ್ಮನಿದ್ದರೂ ರಕ್ಷಣೆ ತಪ್ಪುವುದಿಲ್ಲ. ಜೊತೆಗೆ ಸ್ಥಾವರ ಓಡುತ್ತಿರುವಾಗಲೇ ಒಂದು ಚಾನೆಲ್ ತೆಗೆದು ಪರೀಕ್ಷೆ ಮಾಡಬಹುದು. ಇದನ್ನೆಲ್ಲ ಮಾಡಿದ್ದು ರಿಲೇಗಳಲ್ಲಿ, ಅಂದರೆ ಕಾಯಿಲ್‌ಗೆ ಕರೆಂಟ್ ಕೊಟ್ಟು ನಡೆಸುವ ಸ್ವಿಚ್‌ಗಳಲ್ಲಿ. ಎಲ್ಲ ರಿಲೇಗಳೂ ಮಾಮೂಲಿಯಾಗಿ ಕರೆಂಟ್ ತುಂಬಿಕೊಂಡೇ ಇರಬೇಕು. ವೈರ್ ಕಡಿದರೂ, ಫ್ಯೂಸ್ ಹೋದರೂ, ಕಾಯಿಲ್ ಸುಟ್ಟರೂ ಆ ಚಾನೆಲ್ ಟ್ರಿಪ್ ಕಡೆಗೇ ವಾಲಬೇಕು. ಹೊಸ ಹುಡುಗರಿಗೆ ಡ್ರಾಯಿಂಗ್ ಕೊಟ್ಟು, ‘ಈ ವೈರ್ ಕತ್ತರಿಸಿದೆ ಅಂದ್ಕೋ, ಏನಾಗುತ್ತೆ ಹೇಳು’ ಅಂತ ಒಂದೊಂದೇ ಗೆರೆ ತೋರಿಸಿ ಕೇಳುತ್ತಿದ್ದರು. ಉತ್ತರ ಬರುವವರೆಗೆ ಊಟಕ್ಕೆ ಬಿಡುತ್ತಿರಲಿಲ್ಲ.

ಎರಡನೆಯ ಬೇಡಿಕೆ ಇದಕ್ಕೆ ತದ್ವಿರುದ್ಧ. ರಿಯಾಕ್ಟರ್ ನಿಂತ ಮೇಲೂ ಅದಕ್ಕೆ ಕರೆಂಟ್ ಬೇಕು. ವಿದಳನ (ಪರಮಾಣು ಒಡೆಯುವ ಕ್ರಿಯೆ) ನಿಂತರೂ ಅದರಿಂದ ಹುಟ್ಟಿದ ವಿಕಿರಣಶೀಲ ವಸ್ತುಗಳು ಬಿಸಿ ಕೊಡುತ್ತಲೇ ಇರುತ್ತವೆ. ನಿಂತ ಕ್ಷಣದಲ್ಲಿ ಪೂರ್ಣ ಶಾಖದ ಸುಮಾರು ಶೇ 6ರಿಂದ 7, ಒಂದು ಗಂಟೆಯ ನಂತರ ಶೇ 1.5ರ ಆಸುಪಾಸು, ಒಂದು ದಿನದ ನಂತರವೂ ಶೇ 0.5ರಷ್ಟು. ಶೇಕಡಾವಾರು ಕೇಳಿದರೆ ಏನೂ ಅನಿಸುವುದಿಲ್ಲ. ಆದರೆ 3000 ಮೆಗಾವಾಟ್ ಶಾಖದ ರಿಯಾಕ್ಟರ್‌ನಲ್ಲಿ ನಿಂತ ಕ್ಷಣಕ್ಕೆ ಅದು ಸುಮಾರು 200 ಮೆಗಾವಾಟ್, ಮರುದಿನವೂ 15 ಮೆಗಾವಾಟ್. ಕಲ್ಲಿದ್ದಲು ಸ್ಥಾವರದಿಂದ ಬಂದ ಎಂಜಿನಿಯರ್‌ಗೆ ಇದು ಹೊಸ ಪಾಠ. ಅಲ್ಲಿ ಬೆಂಕಿ ನಿಲ್ಲಿಸಿ ಮನೆಗೆ ಹೋಗಬಹುದು. ಇಲ್ಲಿ ಹೊರಗಿನ ಗ್ರಿಡ್ ಹೋಗಿರಲಿ, ಸ್ವಂತ ಜನರೇಟರ್ ನಿಂತಿರಲಿ, ಪಂಪ್ ತಿರುಗಬೇಕು, ಮೀಟರ್ ಕಾಣಬೇಕು, ವಾಲ್ವ್ ತೆರೆಯಬೇಕು.

ಹಾಗಾಗಿ ಕರೆಂಟ್ ಅನ್ನೇ ದರ್ಜೆಗಳಾಗಿ ವಿಂಗಡಿಸಿದರು. ಕೆನಡಾ ಮಾದರಿಯ ಸ್ಥಾವರಗಳಲ್ಲಿ ಮತ್ತು ಭಾರಜಲ (ನ್ಯೂಟ್ರಾನ್‌ಗಳ ವೇಗ ತಗ್ಗಿಸಿ ಕ್ರಿಯೆ ನಡೆಯುವಂತೆ ಮಾಡುವ ವಿಶೇಷ ನೀರು) ಬಳಸುವ ನಮ್ಮ ಸ್ಥಾವರಗಳಲ್ಲಿ ಇವನ್ನು ಕ್ಲಾಸ್ ಒನ್‌ನಿಂದ ಕ್ಲಾಸ್ ಫೋರ್ ಅನ್ನುತ್ತೇವೆ. ಗ್ರಿಡ್ ಮತ್ತು ಸ್ವಂತ ಜನರೇಟರ್‌ನ ಕರೆಂಟ್ ಕ್ಲಾಸ್ ಫೋರ್. ಅದು ಹೋದರೆ ಡೀಸೆಲ್ ಜನರೇಟರ್, ಅದು ಕ್ಲಾಸ್ ತ್ರೀ. ಕಣ್ಣು ಮಿಟುಕಿಸುವಷ್ಟೂ ತಡೆ ಇರಬಾರದ ಎಸಿ ಕ್ಲಾಸ್ ಟು. ಬ್ಯಾಟರಿಯ ಡಿಸಿ ಕ್ಲಾಸ್ ಒನ್. ಕಂಟ್ರೋಲ್ ರೂಂನಲ್ಲಿ ‘ಕ್ಲಾಸ್ ಫೋರ್ ಹೋಯ್ತು’ ಅಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ. ‘ಕ್ಲಾಸ್ ತ್ರೀ ಬಂದಿಲ್ಲ’ ಅನ್ನುವ ಮಾತು ಕೇಳಲು ಯಾರಿಗೂ ಇಷ್ಟವಿಲ್ಲ.

ಈಗ ಕ್ಲಾಸ್ ಟು ಅಂದರೆ ಒಂದು ಬೀರುವಿನಷ್ಟು ಇನ್ವರ್ಟರ್. ಆಗ ಅದು ಇರಲಿಲ್ಲ. ಎಂಜಿ ಸೆಟ್ (ಮೋಟಾರ್-ಜನರೇಟರ್ ಜೋಡಿ) ಇಡುತ್ತಿದ್ದರು. ಒಂದೇ ಶಾಫ್ಟ್ ಮೇಲೆ ಎಸಿ ಮೋಟಾರ್, ಡಿಸಿ ಮೋಟಾರ್, ಆಲ್ಟರ್ನೇಟರ್. ಎಸಿ ಹೋದ ಕೂಡಲೇ ಬ್ಯಾಟರಿಯಿಂದ ಡಿಸಿ ಮೋಟಾರ್ ಹೊರೆ ಹೊತ್ತುಕೊಳ್ಳುತ್ತದೆ, ಶಾಫ್ಟ್ ತಿರುಗುತ್ತಲೇ ಇರುತ್ತದೆ. ಬ್ರಷ್ ಸವೆತ, ಕಮ್ಯುಟೇಟರ್ ಕಿಡಿ, ಬೇರಿಂಗ್ ಸದ್ದು ಇವೇ ದಿನದ ಮಾತು.

ಬ್ಯಾಟರಿ ರೂಂ ಬಗ್ಗೆ ಒಂದು ಮಾತು ಹೇಳಲೇಬೇಕು. ಸಾಲಾಗಿ ನಿಲ್ಲಿಸಿದ ಲೆಡ್ ಆಸಿಡ್ ಸೆಲ್‌ಗಳು, ಒಂದೊಂದೂ ಎರಡು ವೋಲ್ಟ್‌ನದು. ಒಳಗೆ ಹೋದರೆ ಮೂಗಿಗೆ ಆಸಿಡ್ ಘಾಟು. ಹೈಡ್ರೋಮೀಟರ್ ಅದ್ದಿ ಸಾಂದ್ರತೆ ನೋಡಬೇಕು, 1.200ರ ಆಸುಪಾಸು ಇದೆಯಾ ಅಂತ. ಮೊದಲು ಪೈಲಟ್ ಸೆಲ್, ಅಂದರೆ ಮಾದರಿಗೆಂದು ಆರಿಸಿಟ್ಟ ಸೆಲ್, ಸರದಿ ಬಂದಾಗ ಎಲ್ಲ ಸೆಲ್‌ಗಳೂ. ಡಿಸ್ಟಿಲ್ಡ್ ವಾಟರ್ ತುಂಬಬೇಕು, ಟರ್ಮಿನಲ್ ಮೇಲೆ ಕೂತ ಬಿಳಿ ಪುಡಿ ಒರೆಸಿ ವ್ಯಾಸಲೀನ್ ಹಚ್ಚಬೇಕು. ಹೊಸಬರಿಗೆ ಇದು ಕೀಳು ಕೆಲಸ ಅನಿಸುತ್ತಿತ್ತು, ನನಗೂ ಅನಿಸಿತ್ತು. ಆದರೆ ಬ್ರೇಕರ್ ತೆರೆಯಲು, ಮುಚ್ಚಲು, ಡೀಸೆಲ್ ಶುರು ಮಾಡಲು ಬೇಕಾಗುವುದು ಇದೇ ಡಿಸಿ. ಇದು ಸತ್ತರೆ ಮೇಲಿನ ಮೂರು ಕ್ಲಾಸ್ ಇದ್ದೂ ಇಲ್ಲದಂತೆ. 2011ರಲ್ಲಿ ಫುಕುಶಿಮಾದಲ್ಲಿ ಸುನಾಮಿ ನೀರು ನೆಲಮಾಳಿಗೆಯ ಡೀಸೆಲ್‌ಗಳನ್ನೂ ಸ್ವಿಚ್‌ಗೇರನ್ನೂ ಮುಳುಗಿಸಿದಾಗ ಅಲ್ಲಿನ ಸಿಬ್ಬಂದಿ ಕಾರ್ ಬ್ಯಾಟರಿಗಳನ್ನು ತಂದು ಮೀಟರ್‌ಗಳಿಗೆ ಜೋಡಿಸಿದರು. ಅಲ್ಲಿನ ಮೊದಲ ಘಟಕ 1971ರಲ್ಲಿ ಶುರುವಾದದ್ದು. ಡೀಸೆಲ್ ಎಲ್ಲಿಡಬೇಕು ಅನ್ನುವುದು ಆ ಕಾಲದವರು ಡ್ರಾಯಿಂಗ್ ಬೋರ್ಡ್ ಮೇಲೆ ತೆಗೆದುಕೊಂಡ ತೀರ್ಮಾನ.

ಇನ್ನು ಅಳತೆಯ ವಿಷಯ. ನನ್ನ ಪ್ರಕಾರ ಆ ತಲೆಮಾರಿನ ನಿಜವಾದ ಕೈಚಳಕ ಇರುವುದು ಇಲ್ಲಿ. ರಿಯಾಕ್ಟರ್ ಶಕ್ತಿಯನ್ನು ನ್ಯೂಟ್ರಾನ್ ಎಣಿಸಿ ತಿಳಿಯಬೇಕು. ನ್ಯೂಟ್ರಾನ್ ಗುರುತಿಸುವ ಅಯಾನ್ ಚೇಂಬರ್‌ನಿಂದ ಬರುವ ಕರೆಂಟ್ ಶಕ್ತಿ ಕಡಿಮೆ ಇರುವಾಗ ಆಂಪಿಯರ್‌ನ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲು ಇರಬಹುದು. ಪೂರ್ಣ ಶಕ್ತಿಗೆ ಹೋಗುವಷ್ಟರಲ್ಲಿ ಅದು ಕೋಟಿ ಪಟ್ಟು ಬೆಳೆದಿರುತ್ತದೆ. ಇಷ್ಟು ಅಂತರವನ್ನು ಒಂದೇ ಮೀಟರ್‌ನಲ್ಲಿ ತೋರಿಸಲು ಲಾಗ್ ಆಂಪ್ಲಿಫೈಯರ್ ಬೇಕು, ಪ್ರತಿ ಹತ್ತು ಪಟ್ಟು ಏರಿಕೆಯನ್ನೂ ಒಂದೊಂದು ಸಮ ಹೆಜ್ಜೆಯಾಗಿ ತೋರಿಸುವ ಸರ್ಕ್ಯೂಟ್. ಅದನ್ನು ಮಾಡಿದ್ದು ವಾಲ್ವ್ ಕಾಲದಲ್ಲಿ! ರೇಡಿಯೋದಲ್ಲಿ ಇರುತ್ತಿತ್ತಲ್ಲ, ಅದೇ ಜಾತಿಯ ಗಾಜಿನ ವಾಲ್ವ್. ಬಿಸಿ ಹೆಚ್ಚಾದರೆ ರೀಡಿಂಗ್ ಜಾರುತ್ತದೆ. ಕನೆಕ್ಟರ್ ಒಳಗೆ ಒಂಚೂರು ತೇವ ಸೇರಿದರೆ ಸಾಕು, ಸೋರಿಕೆ ಕರೆಂಟೇ ಸಿಗ್ನಲ್‌ಗಿಂತ ಜಾಸ್ತಿ ಆಗುತ್ತದೆ. ಇನ್ಸುಲೇಟರ್ ಅನ್ನು ಬೆರಳಿನಿಂದ ಮುಟ್ಟಬೇಡ, ಬೆವರು ಅಂಟಿದರೆ ರೀಡಿಂಗ್ ಕೆಡುತ್ತೆ ಅಂತ ನಮ್ಮ ಹಿರಿಯರು ಗದರುತ್ತಿದ್ದರು. ಯಾರೋ ಪಕ್ಕದಲ್ಲಿ ವೆಲ್ಡಿಂಗ್ ಮಾಡಿದರೂ ಮೀಟರ್ ಕುಣಿಯುತ್ತಿತ್ತು.

ಶಕ್ತಿ ಎಷ್ಟಿದೆ ಅನ್ನುವುದಕ್ಕಿಂತ ಅದು ಎಷ್ಟು ಬೇಗ ಏರುತ್ತಿದೆ ಅನ್ನುವುದು ಮುಖ್ಯ. ಯುರೇನಿಯಂ 235ರ ವಿದಳನದಲ್ಲಿ ಹುಟ್ಟುವ ನ್ಯೂಟ್ರಾನ್‌ಗಳಲ್ಲಿ ಶೇ 0.65ರಷ್ಟು ಮಾತ್ರ ತಡವಾಗಿ ಹೊರಬರುತ್ತವೆ. ಆ ಚಿಲ್ಲರೆ ಪಾಲಿನಿಂದಾಗಿಯೇ ಶಕ್ತಿ ನಿಧಾನವಾಗಿ ಏರಿ, ರಿಯಾಕ್ಟರ್ ನಮ್ಮ ಮೋಟಾರ್, ರಿಲೇಗಳ ವೇಗಕ್ಕೆ ಸಿಗುತ್ತದೆ. ಅದಿಲ್ಲದಿದ್ದರೆ ಯಾವ ಎಂಜಿನಿಯರ್‌ಗೂ ಅದನ್ನು ಹಿಡಿಯಲಾಗುತ್ತಿರಲಿಲ್ಲ.

ಕಂಟ್ರೋಲ್ ಪ್ಯಾನಲ್ ಕೂಡ ಇವರದೇ ತಲೆಬೇನೆ. 1952ರ ಡಿಸೆಂಬರ್ 12ರಂದು ಕೆನಡಾದ ಚಾಕ್ ರಿವರ್‌ನಲ್ಲಿ ಎನ್‌ಆರ್‌ಎಕ್ಸ್ ರಿಯಾಕ್ಟರ್‌ಗೆ ಆದದ್ದನ್ನು ನಮಗೆ ಪಾಠದಂತೆ ಹೇಳುತ್ತಿದ್ದರು. ನೆಲಮಾಳಿಗೆಯಲ್ಲಿದ್ದ ಆಪರೇಟರ್ ತಪ್ಪು ವಾಲ್ವ್‌ಗಳನ್ನು (ಇಲ್ಲಿ ಕೊಳವೆಯ ವಾಲ್ವ್) ತೆರೆದ. ಗಾಳಿಯ ಒತ್ತಡದಿಂದ ನಡೆಯುತ್ತಿದ್ದ ರಾಡ್‌ಗಳು ಮೇಲೇರಿದವು, ಕಂಟ್ರೋಲ್ ರೂಂನಲ್ಲಿ ಕೆಂಪು ದೀಪ ಹತ್ತಿತು. ಮೇಲ್ವಿಚಾರಕ ಕೆಳಗೆ ಓಡಿ ವಾಲ್ವ್ ಸರಿಮಾಡಿದ. ದೀಪ ಆರಿತು. ಆದರೆ ಕೆಲವು ರಾಡ್‌ಗಳು ದೀಪ ಆರುವಷ್ಟು ಮಾತ್ರ ಇಳಿದಿದ್ದವು, ಪೂರ್ತಿ ಇಳಿದಿರಲಿಲ್ಲ. ಮೇಲ್ವಿಚಾರಕ ಫೋನ್‌ನಲ್ಲಿ ‘4 ಮತ್ತು 3’ ಗುಂಡಿ ಒತ್ತು ಅನ್ನುವ ಬದಲು ‘4 ಮತ್ತು 1’ ಅಂದುಬಿಟ್ಟ. ಮೇಲಿದ್ದ ಸಹಾಯಕ ಗುಂಡಿ ಎಟುಕಿಸಿಕೊಳ್ಳಲು ರಿಸೀವರ್ ಕೆಳಗಿಟ್ಟಿದ್ದ. ತಿದ್ದಿ ಹೇಳಲು ದಾರಿಯೇ ಇರಲಿಲ್ಲ. 1ನೇ ಗುಂಡಿ ಇನ್ನೊಂದು ಗುಂಪಿನ ರಾಡ್‌ಗಳನ್ನು ಮೇಲೆತ್ತಿತು. ಶಕ್ತಿ ಏರಿತು. ಟ್ರಿಪ್ ಗುಂಡಿ ಒತ್ತಿದರೂ ರಾಡ್‌ಗಳು ಸಾಕಷ್ಟು ಬೀಳಲಿಲ್ಲ. ಕೊನೆಗೆ ಭಾರಜಲವನ್ನೇ ಹೊರಹಾಕಿ ನಿಲ್ಲಿಸಿದರು. ಅಷ್ಟರಲ್ಲಿ ಇಂಧನ ಕರಗಿತ್ತು, ನೆಲಮಾಳಿಗೆಗೆ ವಿಕಿರಣ ಸೇರಿದ ನೀರು ಲಕ್ಷಗಟ್ಟಲೆ ಲೀಟರ್ ತುಂಬಿತ್ತು. ಸ್ವಚ್ಛಗೊಳಿಸಲು ಹೋದವರಲ್ಲಿ ಅಮೆರಿಕ ನೌಕಾಪಡೆಯ ಯುವ ಅಧಿಕಾರಿ ಜಿಮ್ಮಿ ಕಾರ್ಟರ್ ಕೂಡ ಇದ್ದರು, ಮುಂದೆ ಅಧ್ಯಕ್ಷರಾದವರು.

ಆ ಸಹಾಯಕನನ್ನಾಗಲಿ ಮೇಲ್ವಿಚಾರಕನನ್ನಾಗಲಿ ದೂರಿ ಪ್ರಯೋಜನವಿಲ್ಲ. ಗುಂಡಿಗಳನ್ನು ಯಾರು ಎಲ್ಲಿಟ್ಟರು? ದೀಪ ನಿಜವಾಗಿ ತೋರಿಸುತ್ತಿದ್ದದ್ದು ಏನನ್ನು? ನಿಯಂತ್ರಣಕ್ಕೂ ರಕ್ಷಣೆಗೂ ಅದೇ ರಾಡ್‌ಗಳು ಯಾಕೆ? ಕೆನಡಾದವರು ಇದಾದ ಮೇಲೆ ನಿಯಂತ್ರಣ ವ್ಯವಸ್ಥೆ ಬೇರೆ, ರಕ್ಷಣಾ ವ್ಯವಸ್ಥೆ ಬೇರೆ ಅನ್ನುವ ನಿಯಮವನ್ನು ಬಿಗಿಯಾಗಿ ಹಿಡಿದರು. ಡಿಟೆಕ್ಟರ್, ಕೇಬಲ್, ಪವರ್ ಸಪ್ಲೈ ಯಾವುದನ್ನೂ ಎರಡೂ ಕಡೆ ಹಂಚಿಕೊಳ್ಳುವಂತಿಲ್ಲ.

ಒಬ್ಬರ ಜೀವನವನ್ನೇ ಉದಾಹರಣೆಗೆ ಕೇಳಿದರೆ ನಾನು ಹೈಮನ್ ರಿಕೋವರ್ ಹೆಸರು ಹೇಳುತ್ತೇನೆ. ಅವರನ್ನು ಎಲ್ಲರೂ ಅಡ್ಮಿರಲ್ ಅಂತ ನೆನೆಯುತ್ತಾರೆ, ಎಲೆಕ್ಟ್ರಿಕಲ್ ಎಂಜಿನಿಯರ್ ಅನ್ನುವುದನ್ನು ಮರೆಯುತ್ತಾರೆ. 1900ರಲ್ಲಿ ಈಗಿನ ಪೋಲೆಂಡ್‌ನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವರು. 1929ರಲ್ಲಿ ಕೊಲಂಬಿಯಾದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಹಡಗು ವಿಭಾಗದ ಎಲೆಕ್ಟ್ರಿಕಲ್ ಶಾಖೆಯ ಮುಖ್ಯಸ್ಥರು. ಪರ್ಲ್ ಹಾರ್ಬರ್‌ನಲ್ಲಿ ಮುಳುಗಿದ್ದ ‘ಕ್ಯಾಲಿಫೋರ್ನಿಯಾ’ ಹಡಗಿನ ವಿದ್ಯುತ್ ಯಂತ್ರಗಳನ್ನು ಮತ್ತೆ ಓಡಿಸುವ ಕೆಲಸದಲ್ಲೂ ಅವರ ಪಾಲಿದೆ. 1946ರಲ್ಲಿ ಅಮೆರಿಕದ ಅಣುಸಂಶೋಧನಾ ಕೇಂದ್ರ ಓಕ್ ರಿಡ್ಜ್‌ಗೆ ಹೋದಾಗ ಅವರಿಗೆ 46 ವರ್ಷ. ಆ ವಯಸ್ಸಿನಲ್ಲಿ ಹೊಸ ವಿಷಯ ಕಲಿಯಲು ಕೂತರು! 1955ರ ಜನವರಿ 17ರಂದು ‘ನಾಟಿಲಸ್’ ಜಲಾಂತರ್ಗಾಮಿ ಅಣುಶಕ್ತಿಯಲ್ಲಿ ಹೊರಟಿತು. 1957ರ ಡಿಸೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಶಿಪ್ಪಿಂಗ್‌ಪೋರ್ಟ್‌ನ 60 ಮೆಗಾವಾಟ್ ಸ್ಥಾವರ ಗ್ರಿಡ್‌ಗೆ ಸೇರಿತು. ಅದರ ಹೊಣೆಯೂ ಅವರ ತಂಡದ್ದೇ. ಅವರ ಕೈಕೆಳಗೆ ಕೆಲಸ ಮಾಡುವುದು ಸುಖದ ಮಾತಾಗಿರಲಿಲ್ಲ. ಸರಬರಾಜು ಕಂಪನಿಗಳ ಬೆವರಿಳಿಸುತ್ತಿದ್ದರು. ಆ ಗದರಿಕೆ ಎಲ್ಲ ಕಡೆ ಬೇಕಿತ್ತು ಅಂತ ನಾನು ಹೇಳುವುದಿಲ್ಲ.

ಅವರ ಕಾಲದ ಒಂದು ಯಂತ್ರವನ್ನು ನೋಡಿ: ಕ್ಯಾನ್ಡ್ ಮೋಟಾರ್ ಪಂಪ್. ರಿಯಾಕ್ಟರ್ ನೀರು 140 ವಾತಾವರಣದಷ್ಟು ಒತ್ತಡದಲ್ಲಿರುತ್ತದೆ, ವಿಕಿರಣ ಬೇರೆ. ಶಾಫ್ಟ್ ಹೊರಬರುವ ಜಾಗದಲ್ಲಿ ಸೀಲ್ ಸೋರಿದರೆ ಕಥೆ ಮುಗಿಯಿತು, ಅದೂ ಜಲಾಂತರ್ಗಾಮಿಯೊಳಗೆ. ಹಾಗಾದರೆ ಶಾಫ್ಟ್ ಹೊರಗೆ ಬರುವುದೇ ಬೇಡ ಅಂದರು. ಮೋಟಾರ್‌ನ ತಿರುಗುವ ಭಾಗ ರೋಟರ್ ನೀರಿನೊಳಗೇ ತಿರುಗಲಿ, ನಿಂತಿರುವ ಭಾಗ ಸ್ಟೇಟರ್ ಹೊರಗೆ ಒಣಗಿರಲಿ, ನಡುವೆ ತೆಳ್ಳನೆಯ ಲೋಹದ ಡಬ್ಬಿ. ಬೇರಿಂಗ್‌ಗೆ ಎಣ್ಣೆಯಿಲ್ಲ, ಅದೇ ನೀರು. ಆ ಲೋಹದ ಗೋಡೆಯಲ್ಲಿ ಎಡ್ಡಿ ಕರೆಂಟ್ (ಸುಳಿಯಂತೆ ಸುತ್ತುವ ಕರೆಂಟ್) ಹುಟ್ಟಿ ಶಕ್ತಿ ಪೋಲಾಗುತ್ತದೆ, ಏರ್ ಗ್ಯಾಪ್ ಜಾಸ್ತಿಯಾಗಿ ದಕ್ಷತೆ ಇಳಿಯುತ್ತದೆ. ಕಾಲೇಜಿನಲ್ಲಿ ಹೀಗೆ ಮೋಟಾರ್ ಡಿಸೈನ್ ಮಾಡಿದರೆ ಮೇಷ್ಟ್ರು ಫೇಲ್ ಮಾಡುತ್ತಿದ್ದರು. ಸೋರದೇ ಇರುವುದಕ್ಕಾಗಿ ಆ ನಷ್ಟವನ್ನು ಒಪ್ಪಿಕೊಂಡರು.

ಎಲ್ಲಿ ಕಲಿತರು ಅನ್ನುವುದಕ್ಕೆ ಉತ್ತರ ಚಿಕ್ಕದು. ಕಾಲೇಜಿನಲ್ಲಿ ಅಂತೂ ಅಲ್ಲ, ಅಲ್ಲಿ ಆ ವಿಷಯವೇ ಇರಲಿಲ್ಲ. ಓಕ್ ರಿಡ್ಜ್‌ನಲ್ಲಿ 1950ರಲ್ಲಿ, ಬ್ರಿಟನ್ನಿನ ಹಾರ್ವೆಲ್‌ನಲ್ಲಿ 1954ರಲ್ಲಿ ರಿಯಾಕ್ಟರ್ ಶಾಲೆ ಶುರುವಾಯಿತು. ನಮ್ಮಲ್ಲಿ 1957ರಲ್ಲಿ ಮುಂಬೈನ ಟ್ರಾಂಬೆಯಲ್ಲಿ ತರಬೇತಿ ಶಾಲೆ ತೆರೆಯಿತು. ಬೇರೆ ಬೇರೆ ಎಂಜಿನಿಯರಿಂಗ್ ಶಾಖೆಯವರನ್ನೂ ವಿಜ್ಞಾನದವರನ್ನೂ ಒಟ್ಟಿಗೆ ಕೂರಿಸಿ ಒಂದು ವರ್ಷ ಕಲಿಸುತ್ತಿದ್ದರು. ಉಳಿದದ್ದೆಲ್ಲ ಕೆಲಸ ಮಾಡುತ್ತಾ ಕಲಿತದ್ದೇ. 1956ರ ಆಗಸ್ಟ್ 4ರಂದು ಟ್ರಾಂಬೆಯ ಅಪ್ಸರಾ ರಿಯಾಕ್ಟರ್ ಚಾಲೂ ಆಯಿತು. ಇಂಧನ ಬ್ರಿಟನ್ನಿನದು, ಕಂಟ್ರೋಲ್ ಎಲೆಕ್ಟ್ರಾನಿಕ್ಸ್ ಎ. ಎಸ್. ರಾವ್ ಅವರ ತಂಡದ್ದು. ಆ ತಂಡದ ಕೆಲಸ ಬೆಳೆದು 1967ರಲ್ಲಿ ಹೈದರಾಬಾದ್‌ನಲ್ಲಿ ಇಸಿಐಎಲ್ (ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ) ಆಯಿತು. ಹೊರಗಿನಿಂದ ತರಿಸಿದ ಮೀಟರ್ ಕೆಟ್ಟರೆ ಬಿಡಿಭಾಗ ಯಾವಾಗ ಬರುತ್ತದೋ ಅಂತ ಕಾಯುವ ಬದಲು ನಾವೇ ಮಾಡೋಣ ಅಂದವರ ಕೆಲಸ ಅದು.

1969ರಲ್ಲಿ ತಾರಾಪುರ, 1973ರಲ್ಲಿ ರಾಜಸ್ಥಾನದ ಮೊದಲ ಘಟಕ ಬಂದಾಗ ಗ್ರಿಡ್ ಇನ್ನೊಂದು ತಲೆನೋವಾಯಿತು. ಆಗಿನ ಗ್ರಿಡ್‌ಗಳು ಚಿಕ್ಕವು, ಫ್ರೀಕ್ವೆನ್ಸಿ 50 ಹರ್ಟ್ಜ್‌ಗಿಂತ ಕೆಳಗೆ ಜಾರುವುದು ಮಾಮೂಲಿ. ಫ್ರೀಕ್ವೆನ್ಸಿ ಇಳಿದರೆ ಪಂಪ್‌ಗಳ ವೇಗವೂ ಇಳಿಯುತ್ತದೆ. ಭಾರಜಲ ರಿಯಾಕ್ಟರ್ ಟ್ರಿಪ್ ಆದರೆ ಸುಮಾರು ಅರ್ಧ ಗಂಟೆಯೊಳಗೆ ಮತ್ತೆ ಎಬ್ಬಿಸಬೇಕು. ತಪ್ಪಿದರೆ ನ್ಯೂಟ್ರಾನ್ ನುಂಗುವ ಕ್ಸೆನಾನ್ ಅನಿಲ ತುಂಬಿಕೊಂಡು ಒಂದೂವರೆ ದಿನ ಏಳುವುದೇ ಇಲ್ಲ. ಎಲ್ಲೋ ದೂರದ ಲೈನ್ ಮೇಲೆ ಅರೆಕ್ಷಣ ಆದ ಫಾಲ್ಟ್‌ಗೆ ಇಲ್ಲಿ ಒಂದೂವರೆ ದಿನದ ಉತ್ಪಾದನೆ ಹೋಗುತ್ತಿತ್ತು. ಆ ಅರ್ಧ ಗಂಟೆಯಲ್ಲಿ ಟ್ರಿಪ್‌ಗೆ ಕಾರಣ ಏನು ಅಂತ ಹುಡುಕಿ ಹೇಳಬೇಕಾದವರು ಯಾರು? ಅದೇ ಎಲೆಕ್ಟ್ರಿಕಲ್‌ನವರು. ಸ್ಟೇಷನ್ ಸೂಪರಿಂಟೆಂಡೆಂಟ್ ಬೆನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿರುತ್ತಾರೆ.

ಆ ತಲೆಮಾರನ್ನು ನಾನು ಹೊಗಳುತ್ತಲೇ ಇದ್ದೇನೆ, ಆದರೆ ಕೇಬಲ್ ವಿಷಯದಲ್ಲಿ ಅವರು ಎಡವಿದ್ದರು. ಎರಡು ಪಂಪ್, ಎರಡು ಡೀಸೆಲ್ ಇಡುವುದು ಹೊಳೆದಿತ್ತು. ಎರಡರ ಕೇಬಲ್ ಒಂದೇ ಕೋಣೆಯಲ್ಲಿ, ಕೆಲವು ಕಡೆ ಅಕ್ಕಪಕ್ಕದ ಟ್ರೇಯಲ್ಲೇ ಹೋದವು. 1975ರ ಮಾರ್ಚ್ 22ರಂದು ಅಮೆರಿಕದ ಬ್ರೌನ್ಸ್ ಫೆರಿ ಅಣುಸ್ಥಾವರದಲ್ಲಿ ಕೇಬಲ್ ಹಾಯುವ ರಂಧ್ರದಲ್ಲಿ ಗಾಳಿ ಸೋರುತ್ತಿದೆಯಾ ಅಂತ ಮೇಣದಬತ್ತಿ ಹಿಡಿದು ನೋಡಿದರು. ರಂಧ್ರ ಮುಚ್ಚಲು ತುಂಬಿದ್ದ ಫೋಮ್ ಹೊತ್ತಿಕೊಂಡಿತು. ಸುಮಾರು 1600 ಕೇಬಲ್ ಹಾಳಾದವು. ಉತ್ತರ ಪ್ರದೇಶದ ನಮ್ಮ ನರೋರಾ ಅಣುಸ್ಥಾವರದಲ್ಲಿ 1993ರ ಮಾರ್ಚ್ 31ರಂದು ಟರ್ಬೈನ್ ಬ್ಲೇಡ್ ಮುರಿದು, ಜನರೇಟರ್ ತಂಪು ಮಾಡುವ ಹೈಡ್ರೋಜನ್ ಹೊತ್ತಿ, ಬೆಂಕಿ ಕೇಬಲ್‌ಗಳಿಗೆ ಹಬ್ಬಿತು. ಡೀಸೆಲ್‌ಗಳಿದ್ದರೂ ಕರೆಂಟ್ ತಲುಪಿಸುವ ದಾರಿಯೇ ಸುಟ್ಟಿತ್ತು. ಸುಮಾರು 17 ಗಂಟೆ ಸ್ಥಾವರ ಕತ್ತಲಲ್ಲಿತ್ತು. ಡೀಸೆಲ್ ಎಂಜಿನ್‌ನಿಂದ ನೇರವಾಗಿ ತಿರುಗುವ ಅಗ್ನಿಶಾಮಕ ಪಂಪ್‌ಗಳಿಂದ ಸ್ಟೀಮ್ ಜನರೇಟರ್‌ಗಳಿಗೆ ನೀರು ಕೊಟ್ಟು ರಿಯಾಕ್ಟರ್ ಉಳಿಸಿದರು. ವಿಕಿರಣ ಹೊರಗೆ ಹೋಗಲಿಲ್ಲ.

ಚೆರ್ನೋಬಿಲ್‌ನಲ್ಲಿ 1986ರ ಏಪ್ರಿಲ್ 26ರ ರಾತ್ರಿ ನಡೆಯುತ್ತಿದ್ದದ್ದೂ ಇಂಥದೇ ಪ್ರಶ್ನೆಯ ಪರೀಕ್ಷೆ: ಗ್ರಿಡ್ ಹೋಗಿ ಡೀಸೆಲ್ ಹೊರೆ ಹೊರುವವರೆಗೆ, ನಿಲ್ಲುತ್ತಿರುವ ಟರ್ಬೈನ್‌ನಿಂದ ಪಂಪ್‌ಗಳನ್ನು ಓಡಿಸಬಹುದಾ? ಪ್ರಶ್ನೆ ಸರಿಯಾದದ್ದೇ. ಆದರೆ ಅದನ್ನು ಬರೀ ಎಲೆಕ್ಟ್ರಿಕಲ್ ಪರೀಕ್ಷೆ ಅಂದುಕೊಂಡರು, ರಿಯಾಕ್ಟರ್ ಸುರಕ್ಷತೆಯವರ ಜೊತೆ ಕೂತು ಸರಿಯಾಗಿ ಚರ್ಚಿಸಲಿಲ್ಲ. ‘ಅದು ಅವರ ವಿಭಾಗ, ಇದು ನಮ್ಮ ವಿಭಾಗ’ ಅನ್ನುವ ನಿಮ್ಮ ಪ್ರಶ್ನೆಯೊಳಗಿನ ಗಡಿ ಇದೆಯಲ್ಲ, ಸ್ಥಾವರದೊಳಗೆ ಅದು ನಡೆಯುವುದಿಲ್ಲ.

ಕೊನೆಗೆ ಇವರೆಲ್ಲ ಎಲ್ಲಿ ಮುಟ್ಟಿದರು? ಬಹಳಷ್ಟು ಜನ ಕಂಪ್ಯೂಟರ್ ಕಡೆಗೆ ಹೋದರು. ವಾಲ್ವ್‌ನಿಂದ ಶುರುಮಾಡಿ, ಟ್ರಾನ್ಸಿಸ್ಟರ್ ದಾಟಿ, ನಿವೃತ್ತಿ ಹೊತ್ತಿಗೆ ಸಾಫ್ಟ್‌ವೇರ್ ಪರಿಶೀಲಿಸುತ್ತಿದ್ದವರು ಇದ್ದಾರೆ. 1971ರಲ್ಲಿ ಶುರುವಾದ ಕೆನಡಾದ ಪಿಕರಿಂಗ್ ಸ್ಥಾವರದಲ್ಲೇ ಎರಡು ಕಂಪ್ಯೂಟರ್‌ಗಳು ರಿಯಾಕ್ಟರ್ ನಿಯಂತ್ರಿಸುತ್ತಿದ್ದವು. ರಕ್ಷಣಾ ವ್ಯವಸ್ಥೆಗೆ ಮಾತ್ರ ರಿಲೇಗಳೇ ಬಹುಕಾಲ ಉಳಿದವು. 1980ರ ದಶಕದ ಕೊನೆಗೆ ಅಲ್ಲಿನ ಡಾರ್ಲಿಂಗ್ಟನ್‌ನಲ್ಲಿ ಅದಕ್ಕೂ ಸಾಫ್ಟ್‌ವೇರ್ ಹಾಕಿದಾಗ, ಅದು ಸರಿಯಿದೆ ಅಂತ ಸಾಬೀತು ಮಾಡುವುದಕ್ಕೇ ಸಮಯ ಹಿಡಿದು ಲೈಸೆನ್ಸ್ ತಡವಾಯಿತು. ರಿಲೇ ಡ್ರಾಯಿಂಗ್ ಮೇಲೆ ಬೆರಳಿಟ್ಟು ‘ಈ ವೈರ್ ಕಡಿದರೆ?’ ಅಂತ ಕೇಳಬಹುದಿತ್ತು. ಸಾವಿರಾರು ಸಾಲಿನ ಪ್ರೋಗ್ರಾಂನಲ್ಲಿ ಅದೇ ಪ್ರಶ್ನೆಯನ್ನು ಹೇಗೆ ಕೇಳುವುದು ಅಂತ ಹೊಸದಾಗಿ ಯೋಚಿಸಬೇಕಾಯಿತು. ನಿಮಗೆ ಈ ಕ್ಷೇತ್ರಕ್ಕೆ ಬರುವ ಆಸೆ ಇದ್ದರೆ ರಿಲೇ ಲಾಜಿಕ್ ಜೊತೆಗೆ ಸಾಫ್ಟ್‌ವೇರ್ ಪರಿಶೀಲನೆಯನ್ನೂ ಕಲಿಯಿರಿ. ಎರಡನ್ನೂ ಬಲ್ಲವರು ನಮ್ಮ ಕಾಲದಲ್ಲಿ ಕಡಿಮೆ ಇದ್ದರು, ಈಗಲೂ ಜಾಸ್ತಿ ಇಲ್ಲ.